ಹುಲಿಗೆಮ್ಮನ ಕೂಗು

ಹೊತ್ತು ಇಳಿಯುವ ಸಮಯಕ್ಕೆ ಬಿಳಿಚೋಡಿನ ಸುತ್ತಲ ಹೊಲಗಳಲ್ಲಿ ನಿಂತರೆ ಕೂಗಿನ ಮೇಲೆ ಕೂಗು ಕೇಳುತ್ತಿತ್ತು. ಆಡು ಕುರಿ ಕಾಯುವವರು ತಂತಮ್ಮ ಮಂದೆಯನ್ನು ಮನೆಗೆ ಕರೆಯುವ ಕೂಗು ಅದು. ಒಬ್ಬರು ನಾಲಿಗೆಯನ್ನು ಅಂಗುಳಿಗೆ ಹೊಡೆದು ಟುರ್ರ್ ಎನ್ನುವರು, ಇನ್ನೊಬ್ಬರು ಮೂಗಿನಲ್ಲಿ ರಾಗ ಎಳೆಯುವರು, ಮತ್ತೊಬ್ಬರದು ಬೈಗುಳದಿಂದಲೇ ಶುರುವಾಗುವುದು. ಮನುಷ್ಯರ ಕಿವಿಗೆ ಎಲ್ಲವೂ ಒಂದೇ ಗದ್ದಲ. ಆಡುಗಳಿಗೆ ಹಾಗಲ್ಲ. ಕೆರೆಯಂಗಳದಲ್ಲಿ ಎರಡು ಮೂರು ಮಂದೆ ಕಲಸಿಕೊಂಡು ನಿಂತಿದ್ದರೂ, ತನ್ನವರ ಕೂಗು ಬಿದ್ದ ಕೂಡಲೇ ಒಂದೊಂದೂ ಕತ್ತೆತ್ತಿ, ಪಕ್ಕದ್ದನ್ನು ತಳ್ಳಿಕೊಂಡು ತನ್ನವರ ಹಿಂದೆ ಹೊರಟುಬಿಡುತ್ತದೆ. ಅದಕ್ಕೇ ಆ ಕಡೆ ಕಾಯುವವರ ಮನೆಗಳಲ್ಲಿ ಕೂಗನ್ನು ಆಸ್ತಿಯ ಹಾಗೆ ತಾಯಿ ಮಕ್ಕಳಿಗೆ ಕೊಟ್ಟು ಹೋಗುತ್ತಾಳೆ.

ಎಂಬತ್ತಾರನೇ ಇಸವಿಯ ಹೊತ್ತಿಗೆ ಆ ಗದ್ದಲದಲ್ಲಿ ಹುಲಿಗೆಮ್ಮನ ದನಿ ಇರಲಿಲ್ಲ. ಅವಳು ಸೀಮೆಎಣ್ಣೆಯ ಹಳೇ ಡಬ್ಬವೊಂದನ್ನು ಕೋಲಿನಿಂದ ಬಡಿಯುತ್ತಿದ್ದಳು. ಡಣ ಡಣ ಸದ್ದಿಗೆ ಆಡುಗಳು ಬರುತ್ತಿದ್ದವು, ಆದರೆ ಮನಸ್ಸಿಲ್ಲದ ಮನಸ್ಸಿನಿಂದ, ಅರ್ಧ ದಾರಿಯಲ್ಲಿ ಮತ್ತೆ ಮೇಯಲು ನಿಂತು ಬರುತ್ತಿದ್ದವು. ಉಳಿದವನ್ನು ಅವಳೇ ಹೊಲ ಸುತ್ತಿ ಹೊಡೆದುಕೊಂಡು ಬರಬೇಕು. ಊರಿಗೆ ಹೊಸದಾಗಿ ಬಂದ ಸೊಸೆಯರು ಅವಳನ್ನು ಮೂಗಿ ಎಂದೇ ತಿಳಿದಿದ್ದರು.

ಕಾರಣ ಹುಡುಕಲು ಊರವರಿಗೇನು ಬರ. ಗಂಟಲಲ್ಲಿ ಗಡ್ಡೆ ಆಗಿದೆ ಎಂದರು ಕೆಲವರು. ಮಗಳು ಹೋದ ಮೇಲೆ ಮಂಕು ಕವಿದಿದೆ ಎಂದರು ಇನ್ನು ಕೆಲವರು. ಪಕ್ಕದ ಮನೆಯ ಸುಂಕಲಮ್ಮ, "ಜಂಬ ಕಣ್ರೆ. ತನ್ನ ಕೂಗು ಕೇಳಾಕೆ ನಾವು ಲಾಯಕ್ಕಿಲ್ಲ ಅಂತ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದಳು. ಇನ್ನೊಬ್ಬಳ ಗಂಟಲಿನ ಮೇಲೆ ಇಷ್ಟೊಂದು ಕಾಳಜಿ ಇರುವ ಊರು, ಆ ಗಂಟಲು ಒಣಗಿದ್ದಾಗ ಒಂದು ಚೊಂಬು ನೀರು ಹಿಡಿದು ಬಂದದ್ದನ್ನು ಮಾತ್ರ ಯಾರೂ ಕಂಡಿಲ್ಲ.

ಹುಲಿಗೆಮ್ಮನ ಕೂಗು ಒಂದು ಕಾಲಕ್ಕೆ ಜಗಳೂರು ಸೀಮೆಗೇ ಹೆಸರಾಗಿತ್ತು. ಬಲಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, ಎದೆಯಿಂದ ಎಳೆದು, "ತ್ರೂಽಽ ಯಾಽಽ ಹೋಽಽ" ಎಂದು ಬಿಟ್ಟರೆ ಎರಡು ದಿಬ್ಬದಾಚೆಯ ಆಡೂ ಬಾಯಲ್ಲಿದ್ದ ಎಲೆ ಬಿಟ್ಟು ಓಡಿಬರುತ್ತಿತ್ತು. ಅವಳ ಗಂಡ ರೇವಣ್ಣ ಹೆಣ್ಣು ನೋಡಲು ಹೋದಾಗ ಹೆಣ್ಣು ಮನೆಯಲ್ಲಿರಲಿಲ್ಲವಂತೆ, ಹೊಲದಲ್ಲಿದ್ದಳಂತೆ. ಅಂಗಳದಲ್ಲಿ ಕೂತು ಬೆಲ್ಲ ನೀರು ಕುಡಿಯುತ್ತಿದ್ದವನಿಗೆ ದೂರದಿಂದ ಆ ಕೂಗು ಕೇಳಿಸಿತು. ಮುಖ ನೋಡುವ ಮೊದಲೇ "ಆಗ್ಲಿ, ಇದೇ ಗಟ್ಟಿ" ಎಂದುಬಿಟ್ಟನಂತೆ. ಈ ಕತೆಯನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಅವನು ಬಾಯಿ ತೆರೆದರೆ ಸಾಕು ಕೇಳುವವರು ಎದ್ದು ಹೋಗುತ್ತಿದ್ದರು.

ಮದುವೆಯಾಗಿ ಬಹಳ ವರ್ಷಕ್ಕೆ, ಇನ್ನು ಆಗುವುದಿಲ್ಲ ಎಂದುಕೊಂಡ ಮೇಲೆ, ಒಂದು ಹೆಣ್ಣು ಮಗು ಆಯಿತು. ತಿಪ್ಪಮ್ಮ ಎಂದು ಹೆಸರಿಟ್ಟರು, ತಿಪ್ಪಿ ಎಂದು ಕರೆದರು. ಅವ್ವ ಎನ್ನುವ ಮೊದಲೇ ಆ ಮಗು ಅವ್ವನ ಕೂಗನ್ನು ತೊದಲಿತು. ಆರೇಳು ವರ್ಷಕ್ಕೆ ಎಷ್ಟು ಚೆನ್ನಾಗಿ ಕಲಿತಳೆಂದರೆ, ಹಿಂದಿನಿಂದ ಕೇಳಿದರೆ ತಾಯಿಯದೋ ಮಗಳದೋ ಎಂದು ರೇವಣ್ಣನಿಗೂ ತಿಳಿಯುತ್ತಿರಲಿಲ್ಲ.

ಚುಕ್ಕ ಹುಟ್ಟಿದ್ದು ಆಗಲೇ. ತಾಯಿ ಆಡು ಈಯುವಾಗಲೇ ಸತ್ತಿತು. ಮರಿಯೂ ಉಳಿಯುವುದಿಲ್ಲ ಎಂದು ರೇವಣ್ಣ ಪಕ್ಕಕ್ಕೆ ಸರಿಸಿಟ್ಟಿದ್ದ. ತಿಪ್ಪಿ ಅದನ್ನು ಲಂಗದಲ್ಲಿ ಕಟ್ಟಿಕೊಂಡು, ಬಟ್ಟೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಉಳಿಸಿದಳು. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಮಾತ್ರ ಒಂದು ಬಿಳಿ ಬೊಟ್ಟು. ಗಂಡು ಮರಿ ಬೆಳೆದರೆ ಸಂತೆಗೆ ಹೋಗುವುದು ರೂಢಿ. ಚುಕ್ಕನ ಸರದಿ ಬಂದಾಗಲೆಲ್ಲ ತಿಪ್ಪಿ ಊಟ ಬಿಡುತ್ತಿದ್ದಳು, ರೇವಣ್ಣ ಸೋಲುತ್ತಿದ್ದ. ಹೀಗೆ ಚುಕ್ಕ ದೊಡ್ಡ ಹೋತನಾಗಿ, ಗಡ್ಡ ಬಿಟ್ಟುಕೊಂಡು, ಮಂದೆಯ ಮುಂದೆ ಯಜಮಾನನಂತೆ ನಡೆಯತೊಡಗಿದ.

ಸುಗ್ಗಿ ಮುಗಿದ ಮೇಲೆ ಬಿಳಿಚೋಡಿನ ಕಡೆಯ ಕಾಯುವವರು ಮಂದೆ ಹೊಡೆದುಕೊಂಡು ಪಡುವಣಕ್ಕೆ ಹೋಗುತ್ತಾರೆ. ಚನ್ನಗಿರಿ, ಹೊನ್ನಾಳಿ ಕಡೆಯ ಹೊಲಗಳಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ಹಿಕ್ಕೆ ಗಂಜಲ ಬಿದ್ದು ನೆಲಕ್ಕೆ ಗೊಬ್ಬರ, ಕಾಯುವವರಿಗೆ ಕಾಳು ಕಡಿ. ರೇವಣ್ಣನ ಮಂದೆ ವರ್ಷ ವರ್ಷವೂ ಸಂತೇಬೆನ್ನೂರಿನ ಪಂಚಾಕ್ಷರಪ್ಪನವರ ಹೊಲದಲ್ಲಿ ನಿಲ್ಲುತ್ತಿತ್ತು. ಅವರು ಅಡಿಕೆ ವ್ಯಾಪಾರದ ಸಾಹುಕಾರರು. ಮಾತು ಜಾಸ್ತಿ, ಮನಸ್ಸು ಕೆಟ್ಟದ್ದಲ್ಲ. ಅವರ ಹೆಂಡತಿ ಸರ್ವಮಂಗಳಮ್ಮ ದಿನವೂ ಸಂಜೆ ಹೊಲದ ಕಡೆ ಬಂದು, ತಿಪ್ಪಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಲೆ ಬಾಚುತ್ತಿದ್ದರು.

ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ, ಆ ಹೊಲದಲ್ಲೇ ತಿಪ್ಪಿಗೆ ಜ್ವರ ಬಂತು. ಮೊದಲ ದಿನ ಕಷಾಯ ಕುಡಿಸಿದರು. ಮರುದಿನ ಮಧ್ಯಾಹ್ನ ಹುಡುಗಿಯ ಕುತ್ತಿಗೆ ಸೆಟೆದುಕೊಂಡಿತು. ರೇವಣ್ಣ ಗಾಡಿ ತರಲು ಓಡಿದ. ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತ ಹುಲಿಗೆಮ್ಮನಿಗೆ ಮಾಡಲು ಇನ್ನೇನೂ ಉಳಿದಿರಲಿಲ್ಲ. ತಿಪ್ಪಿಯ ಕಾಲ ಬಳಿ ಚುಕ್ಕ ಮಲಗಿದ್ದ, ಎಬ್ಬಿಸಿದರೂ ಏಳುತ್ತಿರಲಿಲ್ಲ. ಕೊಡುವುದಾದರೆ ಮನೆಯಲ್ಲಿ ಎಲ್ಲಕ್ಕಿಂತ ಪ್ರೀತಿಯದನ್ನೇ ಕೊಡಬೇಕು, ಇಲ್ಲದಿದ್ದರೆ ದೇವರ ಕಿವಿಗೆ ಬೀಳುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಅರಿಸಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಹೋತನ ಕೊರಳಿಗೆ ಬಿಗಿದಳು.

"ತಾಯಿ ಊರಮ್ಮ, ಇವನು ಇನ್ನು ನಿನ್ನೋನು. ನನ್ನ ಮಗಳ್ನ ಉಳಿಸ್ಕೊಡು."

ಕೊರಳಿಗೆ ಮುಡಿಪು ಕಟ್ಟಿದ ಹೋತ ಎಂದರೆ ಬರುವ ಹಬ್ಬಕ್ಕೆ ಬಲಿ ಎಂದೇ ಅರ್ಥ. ಎಚ್ಚರ ತಪ್ಪಿದ್ದಾಳೆ ಎಂದುಕೊಂಡಿದ್ದ ತಿಪ್ಪಿ ಕಣ್ಣು ಬಿಟ್ಟಳು.

"ಅವ್ವಾ, ಚುಕ್ಕನ್ನ ಕಡೀಬ್ಯಾಡ."

"ಇಲ್ಲ ಕಣವ್ವ. ಕಡಿಯಲ್ಲ, ಮಲಕ್ಕ."

ಒಂದೇ ಬಾಯಿಂದ, ಒಂದೇ ಗಳಿಗೆಯಲ್ಲಿ ಎರಡು ಮಾತು ಹೊರಬಿದ್ದವು. ಒಂದು ದೇವರಿಗೆ, ಒಂದು ಮಗಳಿಗೆ. ದಾವಣಗೆರೆಯಲ್ಲಿ ಡಾಕ್ಟರು ಮೆದುಳು ಜ್ವರ ಎಂದರು, ಮಾಡುವುದನ್ನೆಲ್ಲ ಮಾಡಿದರು. ತಿಪ್ಪಿ ಉಳಿಯಲಿಲ್ಲ.

ಬಿಳಿಚೋಡಿಗೆ ಮರಳಿದ ಮೇಲೆ ಹುಲಿಗೆಮ್ಮ ಮುಡಿಪನ್ನು ಬಿಚ್ಚಲೂ ಇಲ್ಲ, ಅದರ ಮಾತೂ ಎತ್ತಲಿಲ್ಲ. ಆದರೆ ಅರಿಸಿನದ ಬಟ್ಟೆ ಊರೆಲ್ಲರ ಕಣ್ಣಿಗೆ ಕಾಣುತ್ತದಲ್ಲ. ಊರಮ್ಮನ ಪೂಜಾರಿ ಹನುಮಂತಪ್ಪ ಒಂದು ದಿನ ಮನೆಗೇ ಬಂದು ಜಗಲಿಯ ಮೇಲೆ ಕೂತ. ಅವನೇನು ಕೆಟ್ಟವನಲ್ಲ, ಮೊದಲು ತಿಪ್ಪಿಯ ಮಾತೆತ್ತಿ ಕಣ್ಣೊರೆಸಿಕೊಂಡ.

"ಮಗು ಉಳೀಲಿಲ್ಲ, ಹರಕೆ ಎಲ್ಲಿಂದ ಬಂತು ಅಂತ ನಿನಗನ್ನಿಸ್ಬೋದು ತಾಯಿ. ಬಾಯಿಂದ ಬಂದ ಮ್ಯಾಲೆ ಅದು ಅಮ್ಮನ ಪಾಲು. ಬರೋ ಹಬ್ಬಕ್ಕೆ ತಂದ್ಬಿಡು."

"ಮಗೂಗೂ ಮಾತು ಕೊಟ್ಟೀನಿ ಪೂಜಾರಪ್ಪ, ಕಡಿಯಲ್ಲ ಅಂತ" ಎಂದಳು ಹುಲಿಗೆಮ್ಮ. "ಕಡೀಲೇಬೇಕಾ? ಬಿಟ್ರೆ ಸಲ್ಲಲ್ವಾ?"

ಹನುಮಂತಪ್ಪ, "ಸಲ್ತೈತೆ" ಎಂದ. "ಹಿಂದೆ ಹಂಗೂ ಬಿಡ್ತಿದ್ರಂತೆ. ಆದ್ರೆ ಮನುಷ್ಯರ ಕೈಗೆ ಸಿಗದಂಥ ಜಾಗದಾಗ ಬಿಡಬೇಕು. ಇನ್ನೊಬ್ರು ಹಿಡ್ಕೊಂಡು ಹೋಗಿ ಕಡಿದ್ರೆ ಆ ಪಾಪ ನಿಂದೇ. ಅಂಥ ಜಾಗ ಎಲ್ಲೈತೆ ಹೇಳು."

ಎಲ್ಲಿದೆ. ಜಗಳೂರಿನ ಬಯಲಲ್ಲಿ ಒಂಟಿ ಹೋತ ಬಿಟ್ಟರೆ ತೋಳಕ್ಕೆ ಸಿಗಬೇಕು, ಇಲ್ಲವೇ ಯಾವುದೋ ಮನೆಯ ಸಾರಿಗೆ ಬೀಳಬೇಕು. ವರ್ಷವಿಡೀ ಹುಲಿಗೆಮ್ಮ ಅದನ್ನೇ ಯೋಚಿಸಿದಳು. ಸಂಜೆ ಕೂಗಿದಾಗ ಮಂದೆಗೆ ಮೊದಲು ಚುಕ್ಕ ಓಡಿಬರುತ್ತಿದ್ದ. ಬಂದು ಅವಳ ಹಿಂದೆ ಮುಂದೆ ಮೂಸಿ, ಇನ್ನೊಬ್ಬಳು ಎಲ್ಲಿ ಎಂಬಂತೆ ನಿಲ್ಲುತ್ತಿದ್ದ. ಮಗಳನ್ನು ಉಳಿಸಿಕೊಳ್ಳಲಾಗಲಿಲ್ಲ. ಮಗಳು ಕೇಳಿದ ಕೊನೆಯ ಮಾತನ್ನಾದರೂ ಉಳಿಸಿಕೊಳ್ಳಬೇಕು ಎನ್ನುವುದೊಂದೇ ಅವಳನ್ನು ಎಬ್ಬಿಸಿ ನಡೆಸುತ್ತಿತ್ತು.

ಮರುವರ್ಷ ಮತ್ತೆ ಸಂತೇಬೆನ್ನೂರಿಗೆ ಹೋದಾಗ ಸರ್ವಮಂಗಳಮ್ಮನೇ ದಾರಿ ತೋರಿಸಿದರು. ಅವರ ತವರಿನವರು ಯಾರೋ ಹೊನ್ನಾವರದ ಕಡೆ ಸಮುದ್ರದೊಳಗಿನ ನಡುಗಡ್ಡೆಯೊಂದಕ್ಕೆ ದೋಣಿಯಲ್ಲಿ ಹೋಗಿ ನೋಡಿ ಬಂದಿದ್ದರು. ಕಡಲಿನ ಜನ ಹರಕೆ ಹೊತ್ತ ಆಡುಗಳನ್ನು ಅಲ್ಲಿ ತಂದು ಬಿಡುತ್ತಾರಂತೆ. ಅವು ಅಲ್ಲೇ ಮೇಯ್ದು, ಅಲ್ಲೇ ಈದು, ಮುದಿಯಾಗಿ ಸಾಯುತ್ತವಂತೆ.

"ಕಡಿಯೋರು?"

"ಮನುಷ್ಯರೇ ಇಲ್ಲ ಕಣೇ ಅಲ್ಲಿ. ಹಕ್ಕಿ ಅವೆ, ಆಡು ಅವೆ, ಅಷ್ಟೇ" ಎಂದರು ಸರ್ವಮಂಗಳಮ್ಮ. "ನಾವೂ ಈ ತಿಂಗ್ಳು ಆ ಕಡೆ ಹೋಗಾಕೆ ಮೆಟಡಾರ್ ಮಾಡೀವಿ. ನೀನೂ ಬಾ. ಚುಕ್ಕನ್ನೂ ಹತ್ತಿಸ್ಕೋ."

ಪಂಚಾಕ್ಷರಪ್ಪನವರು ಮೊದಲು ಹಾರಾಡಿದರು. "ಟೂರಿಗೆ ಹೋತ ಕರ್ಕೊಂಡು ಹೋಗೋ ಮೊದಲ್ನೇ ಪುಣ್ಯಾತ್ಮರು ನಾವೇ ಇರ್ಬೇಕು. ಅದಕ್ಕೂ ಒಂದು ಸೀಟು ಬಿಡ್ಲಾ?" ಎಂದರು. ಆಮೇಲೆ ತಾವೇ ಹುಲ್ಲಿನ ಕಂತೆ ತರಿಸಿ ಹಿಂದಿನ ಸೀಟಿನ ಕೆಳಗೆ ಹಾಸಿಸಿದರು.

ರೇವಣ್ಣ ಮಂದೆ ಬಿಟ್ಟು ಬರುವಂತಿರಲಿಲ್ಲ. ಹೊರಡುವ ಬೆಳಿಗ್ಗೆ ಅವನು ಚುಕ್ಕನ ಗಡ್ಡ ನೇವರಿಸಿ, ಹೆಂಡತಿಯನ್ನು ಪಕ್ಕಕ್ಕೆ ಕರೆದ.

"ಬಿಟ್ಟ ಮ್ಯಾಲೆ ಕೂಗಬ್ಯಾಡ ಮತ್ತೆ. ನಿನ್ನ ಕೂಗು ಕೇಳಿದ್ರೆ ಅದು ಬೆಂಕ್ಯಾಗಾದ್ರೂ ಬರ್ತೈತೆ."

"ನಂಗೊತ್ತಿಲ್ವಾ?" ಎಂದಳು ಹುಲಿಗೆಮ್ಮ. ಅಷ್ಟನ್ನೂ ಹೇಳಿಸಿಕೊಳ್ಳಬೇಕಾಯಿತಲ್ಲ ಎಂದು ಅವಳಿಗೆ ಸ್ವಲ್ಪ ಸಿಟ್ಟೇ ಬಂತು.

ಹೊನ್ನಾಳಿಯಲ್ಲಿ ಹೊಳೆ ದಾಟುವಾಗ ಎಲ್ಲರೂ ಕಾಸು ಎಸೆದು ಕೈಮುಗಿದರು. ನ್ಯಾಮತಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದರು. ಅಲ್ಲಿಂದಾಚೆಗೆ ಹುಲಿಗೆಮ್ಮ ಕಾಲಿಟ್ಟವಳಲ್ಲ. ಗೇರುಸೊಪ್ಪೆ ಘಟ್ಟ ಇಳಿಯುವಾಗ ಕಾಡು ನೋಡಿ ಅವಳಿಗೆ ದಿಗಿಲಾಯಿತು. ಇಷ್ಟು ಮರದ ನಡುವೆ ಒಂದು ಆಡು ತಪ್ಪಿಸಿಕೊಂಡರೆ ಹುಡುಕುವುದು ಹೇಗೆ ಎಂದು ಯೋಚಿಸಿದಳು. ಚುಕ್ಕ ಮಾತ್ರ ಪಂಚಾಕ್ಷರಪ್ಪನವರ ಶಲ್ಯದ ಅಂಚನ್ನು ನಿಧಾನವಾಗಿ ಅಗಿಯುತ್ತ, ಯಾರ ಗೊಡವೆಯೂ ಇಲ್ಲದೆ ಬಂದ.

ರಾತ್ರಿ ಛತ್ರದಲ್ಲಿ ತಂಗಿ, ಬೆಳಿಗ್ಗೆ ದಂಡೆಗೆ ಹೋದರು. ದೋಣಿಯವನ ಹೆಸರು ಜಟ್ಟಪ್ಪ ಮೊಗೇರ. ಕಪ್ಪಗೆ, ಕಟ್ಟುಮಸ್ತಾಗಿದ್ದ ಮುದುಕ. ಹೋತನನ್ನು ಕಂಡರೂ ಅವನು ಏನೂ ಕೇಳಲಿಲ್ಲ, ಕೊರಳಿನ ಅರಿಸಿನದ ಬಟ್ಟೆ ನೋಡಿ ತಲೆಯಾಡಿಸಿದ. ಆ ತಲೆಯಾಡಿಕೆಯಿಂದ ಹುಲಿಗೆಮ್ಮನಿಗೆ ಎಷ್ಟೋ ಧೈರ್ಯ ಬಂತು. ಭಾಷೆ ಬೇರೆ ಥರ, ಊಟ ಬೇರೆ ಥರ, ಹರಕೆಯ ಸಂಕಟ ಮಾತ್ರ ಎಲ್ಲ ಕಡೆಯೂ ಒಂದೇ.

ಮೊದಲ ಸಲ ಸಮುದ್ರ ಕಂಡವರು ಏನೇನೋ ಹೇಳುತ್ತಾರೆ. ಹುಲಿಗೆಮ್ಮ ಬಗ್ಗಿ ಒಂದು ಬೊಗಸೆ ಬಾಯಿಗೆ ಹಾಕಿಕೊಂಡು, ಉಗಿದು, "ಇಷ್ಟು ನೀರೈತೆ. ಒಂದು ಮರಿ ಕುಡ್ಯೋ ಹಂಗಿಲ್ಲ" ಎಂದಳು. ನೀರಿಗಾಗಿ ಮೈಲಿಗಟ್ಟಲೆ ಮಂದೆ ಹೊಡೆದ ಜಗಳೂರಿನವಳಿಗೆ ಅದು ಯಾರೋ ಬೇಕೆಂದೇ ಮಾಡಿದ ಮೋಸದಂತೆ ಕಂಡಿತು. ಅಲ್ಲಿಂದ ಅವಳಿಗೆ ಒಂದೇ ಚಿಂತೆ ಹತ್ತಿತು. ನಡುಗಡ್ಡೆಯಲ್ಲಿ ಕುಡಿಯಲು ಏನಿದೆ?

ದೋಣಿ ದಂಡೆ ಬಿಟ್ಟ ಮೇಲೆ ಹುಲಿಗೆಮ್ಮನಿಗೂ ಸರ್ವಮಂಗಳಮ್ಮನಿಗೂ ಹೊಟ್ಟೆ ತೊಳಸಿ ಸಾಕಾಯಿತು. ಚುಕ್ಕ ನಾಲ್ಕೂ ಕಾಲು ಅಗಲಿಸಿ ನಿಂತು, ಅಲೆ ಏರಿದಾಗ ಏರುತ್ತ ಇಳಿದಾಗ ಇಳಿಯುತ್ತ, ಹುಟ್ಟಿನಿಂದ ದೋಣಿಯಲ್ಲೇ ಬೆಳೆದವನಂತೆ ಇದ್ದ. ಬಹಳ ಹೊತ್ತಿಗೆ ನೀರಿನ ನಡುವೆ ಕಪ್ಪು ಬಂಡೆ, ಅದರ ತಲೆಯ ಮೇಲೆ ಹಸುರು ಕಂಡಿತು. ಹತ್ತಿರವಾದಂತೆ ಬಂಡೆಯ ಗವಿಯೊಂದರಿಂದ ಪಾರಿವಾಳಗಳ ಹಿಂಡು ಭರ್ರನೆ ಎದ್ದು ದೋಣಿಯ ಮೇಲೆ ಒಂದು ಸುತ್ತು ಹಾಕಿತು. ಎತ್ತರದ ಮರದ ತುದಿಯಲ್ಲಿ ಕಟ್ಟಿಗೆ ಹೊರೆಯಷ್ಟು ದೊಡ್ಡ ಗೂಡು. ಅದರ ಅಂಚಿನಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಕೂತು ಇವರನ್ನೇ ನೋಡುತ್ತಿತ್ತು. ನೀರು ಎಷ್ಟು ತಿಳಿಯಾಗಿತ್ತೆಂದರೆ, ಆಳದ ಕಲ್ಲುಗಳ ಸಂದಿಯಲ್ಲಿ ಹಳದಿ ನೀಲಿ ಪಟ್ಟೆಯ ಮೀನು ತಿರುಗುವುದು ಕಾಣುತ್ತಿತ್ತು. ಪಂಚಾಕ್ಷರಪ್ಪನವರು ಮಾತು ಮರೆತು ಬಾಯಿ ಬಿಟ್ಟುಕೊಂಡು ನೋಡಿದರು. ಅವರ ಆಯುಷ್ಯದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೊಂದೇ ದಿನ ಎಂದು ಸರ್ವಮಂಗಳಮ್ಮ ಆಮೇಲೆ ಹೇಳುತ್ತಿದ್ದರು.

ಹುಲಿಗೆಮ್ಮ ಹಕ್ಕಿಯನ್ನೂ ಮೀನನ್ನೂ ನೋಡಲಿಲ್ಲ. ಅವಳು ನೋಡಿದ್ದು ಮೇಲಿನ ಬಂಡೆಯ ಸಾಲನ್ನು. ಅಲ್ಲಿ ಆಡುಗಳಿದ್ದವು. ಕಂದು, ಕಪ್ಪು, ಬೂದಿ, ನಡುವೆ ಮರಿಗಳು. ಬಾಲ ಎತ್ತಿ, ಕಿವಿ ನಿಮಿರಿಸಿ ನಿಂತಿದ್ದವು. ಮೈತುಂಬಿದ್ದವು. ರೋಗದವು ಹೀಗೆ ನಿಲ್ಲುವುದಿಲ್ಲ ಎಂದು ಅವಳಿಗೆ ಕೆಳಗಿನಿಂದಲೇ ತಿಳಿಯಿತು.

ಕಡಿದಾದ ಬಂಡೆ ಹತ್ತಿ ಮೇಲೆ ಹೋದ ಮೇಲೆ ಅವಳು ಮೊದಲು ಕೇಳಿದ್ದು ನೀರು. ಜಟ್ಟಪ್ಪ ಮರಗಳ ಬುಡದಲ್ಲಿದ್ದ ಕಲ್ಲಿನ ದೊಣೆಯೊಂದನ್ನು ತೋರಿಸಿದ. ಅದರಲ್ಲಿ ಮಳೆಗಾಲದ ನೀರು ತುಂಬಿ ನಿಂತಿತ್ತು. ಅಂಚಿನ ಕೆಸರಿನಲ್ಲಿ ಗೊರಸಿನ ಗುರುತುಗಳಿದ್ದವು. ಹುಲಿಗೆಮ್ಮ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಸಿಹಿ.

"ಇಲ್ಲಿಯವನ್ನ ಯಾರೂ ಮುಟ್ಟೂದಿಲ್ಲ. ಮುಟ್ಟಿದವ್ನ ದೋಣಿ ದಡ ಸೇರೂದಿಲ್ಲ ಅಂತ ನಮ್ಮಲ್ಲಿ ನಂಬಿಕೆ" ಎಂದ ಜಟ್ಟಪ್ಪ.

ಅಲ್ಲೊಂದು ದೇವರ ಕಲ್ಲಿತ್ತು, ಕುಂಕುಮ ಮೆತ್ತಿದ್ದು. ಹುಲಿಗೆಮ್ಮ ಚುಕ್ಕನ ಕೊರಳಿನ ಬಟ್ಟೆ ಬಿಚ್ಚಿ, ನಾಣ್ಯವನ್ನು ಕಲ್ಲಿನ ಮುಂದಿಟ್ಟು, "ಊರಮ್ಮಗೆ ನೀನೇ ಹೇಳ್ಬಿಡಪ್ಪ" ಎಂದಳು. ಹಗ್ಗ ತೆಗೆದು ತನ್ನ ಕೈಗೆ ಸುತ್ತಿಕೊಂಡಳು. ಚುಕ್ಕ ಹೋಗಲಿಲ್ಲ. ಅವಳು ಎರಡು ಹೆಜ್ಜೆ ಇಟ್ಟರೆ ಅವನೂ ಇಟ್ಟ. ಹುಟ್ಟಿದಾಗಿನಿಂದ ಅವನ ಮೇಲೆ ಒಂದು ಏಟು ಬಿದ್ದಿರಲಿಲ್ಲ. ಹುಲಿಗೆಮ್ಮ ಸಣ್ಣದೊಂದು ಕಲ್ಲು ಆರಿಸಿ ಬೀಸಿದಳು. ಅದು ಅವನ ತೊಡೆಗೆ ತಾಗಿತು. ಅವನು ಬೆಚ್ಚಿ ಹಿಂದೆ ಸರಿದು ಅವಳನ್ನು ನೋಡಿದ. ಅವಳು ಮುಖ ತಿರುಗಿಸಿಕೊಂಡಳು.

ಅಷ್ಟರಲ್ಲಿ ಎರಡು ಹೆಣ್ಣಾಡು ಇಳಿದು ಬಂದು ಅವನನ್ನು ಮೂಸಿದವು. ಹೋತ ಎಷ್ಟೆಂದರೂ ಹೋತ. ಚುಕ್ಕ ಮೇಲ್ದುಟಿ ಮಡಿಚಿ, ಗಡ್ಡ ಎತ್ತಿ, ಒಮ್ಮೆ ಗುಟುರು ಹಾಕಿ ಅವುಗಳ ಹಿಂದೆ ಹೊರಟ. ಪಂಚಾಕ್ಷರಪ್ಪನವರು, "ನೋಡ್ದೇನು, ಬಂದ ದಿನವೇ ಅಳಿಯ ಆದ" ಎಂದರು. ಹುಲಿಗೆಮ್ಮ ನಕ್ಕಳು. ಮಗಳು ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮರದ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದರು. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಹುಲಿಗೆಮ್ಮ ಕೇಳಿ ಕೇಳಿ ಹಾಕಿಸಿಕೊಂಡು ತಿಂದಳು. ಬಹಳ ದಿನದಿಂದ ಅವಳಿಗೆ ಹಸಿವೆನ್ನುವುದೇ ಇರಲಿಲ್ಲ.

"ಹಗುರ ಆತೇನೇ?" ಎಂದು ಸರ್ವಮಂಗಳಮ್ಮ ಕೇಳಿದರು.

"ಆತ್ರಿ ಅಮ್ಮಾರೆ. ಎರಡೂ ಮಾತು ಉಳೀತು. ನನ್ನ ತಿಪ್ಪಿ ಎಲ್ಲಿದ್ರೂ ನೋಡ್ತಿರ್ತಾಳೆ."

ಹಾಗೆ ಹೇಳುವಾಗ ಅವಳ ಮುಖ ಹೇಗಿತ್ತೆಂದು ಸರ್ವಮಂಗಳಮ್ಮ ಕೊನೆಯತನಕ ಮರೆಯಲಿಲ್ಲ.

ಸಂಜೆಯ ಹೊತ್ತಿಗೆ ಗಾಳಿ ತಿರುಗಿತು. "ಹೊರಡ್ಬೇಕು, ಇನ್ನು ತಡ ಮಾಡೂಕೆ ಆಗೂದಿಲ್ಲ" ಎಂದು ಜಟ್ಟಪ್ಪ ಅವಸರ ಮಾಡಿದ. ಇಳಿಯುವಾಗ ಬಂಡೆಗೆ ಅಲೆ ಬಡಿಯುತ್ತಿತ್ತು. ಒಬ್ಬೊಬ್ಬರನ್ನೇ ಕೈಹಿಡಿದು ದೋಣಿಗೆ ಹಾಕಿಕೊಳ್ಳುವಷ್ಟರಲ್ಲಿ ಜಟ್ಟಪ್ಪನಿಗೇ ಸಾಕುಬೇಕಾಯಿತು. ಚುಕ್ಕ ಎಲ್ಲೂ ಕಾಣಲಿಲ್ಲ. ಒಳ್ಳೆಯದೇ ಆಯಿತು ಎಂದು ಹುಲಿಗೆಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕೂತಳು.

ದೋಣಿ ಬಂಡೆ ಬಿಟ್ಟು ಸಾಗಿತು. ಸೂರ್ಯ ಇಳಿದು ನೀರಿನ ಮೇಲೆ ಕೆಂಪು ಹರಡಿತು. ಗವಿಗೆ ಪಾರಿವಾಳಗಳು ಮರಳುತ್ತಿದ್ದವು. ಹುಲಿಗೆಮ್ಮ ತಿರುಗಿ ನೋಡಿದಳು. ಮೇಲಿನ ಸಾಲಿನಲ್ಲಿ ಆಡುಗಳು ಒಂದರ ಹಿಂದೊಂದು ಮರಗಳ ಕಡೆ ಹೊರಟಿದ್ದವು. ಅವಳಿಗೆ ಗಾಬರಿ ಇರಲಿಲ್ಲ, ದುಃಖವೂ ಇರಲಿಲ್ಲ. ಮನಸ್ಸು ಎಷ್ಟೋ ದಿನದ ಮೇಲೆ ನಿರಾಳವಾಗಿ ಬರಿದಾಗಿತ್ತು. ಕಣ್ಣು ಮಾತ್ರ ತನ್ನ ಪಾಡಿಗೆ ತಾನು ಮಂದೆಯನ್ನು ಎಣಿಸುತ್ತಿತ್ತು, ದಿನವೂ ಆ ಹೊತ್ತಿಗೆ ಎಣಿಸುವ ಹಾಗೆ. ಸಾಲಿನಿಂದ ಹೊರಗೆ ಒಂದು ಹೋತ ಹಿಂದೆ ಉಳಿದಿತ್ತು. ಕಪ್ಪು, ಹಣೆಯಲ್ಲಿ ಬಿಳಿ ಬೊಟ್ಟು. ಮೇಯುತ್ತಿತ್ತು.

ಹೊತ್ತು ಮುಳುಗುತ್ತಿದೆ, ಒಂದು ಹಿಂದೆ ಉಳಿದಿದೆ. ನಲವತ್ತು ವರ್ಷ ಆ ಎರಡನ್ನು ಒಟ್ಟಿಗೆ ಕಂಡಾಗಲೆಲ್ಲ ಮಾಡಿದ್ದನ್ನೇ ಅವಳ ಮೈ ಮಾಡಿತು. ಬಲಗೈ ಎದ್ದು ಕಿವಿಯ ಹಿಂದೆ ಹೋಯಿತು. ಎದೆಯಿಂದ ಕೂಗು ಹೊರಟಿತು.

"ತ್ರೂಽಽ ಯಾಽಽ ಹೋಽಽ."

ಕೊನೆಯ ಎಳೆತ ಬಾಯಲ್ಲಿದ್ದಾಗಲೇ ಅವಳಿಗೆ ಎಚ್ಚರವಾಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಿಟ್ಟ ಕೂಗನ್ನು ಹಿಂದಕ್ಕೆ ಕರೆಯುವುದು ಹೇಗೆ? ಉಳಿದ ಆಡುಗಳು ಕತ್ತೆತ್ತಿ ನೋಡಿ ಮತ್ತೆ ನಡೆದವು. ಅವಕ್ಕೆ ಆ ಕೂಗು ಯಾರದೋ. ಚುಕ್ಕ ಮಾತ್ರ ಬಂಡೆಯಿಂದ ಬಂಡೆಗೆ ಹಾರುತ್ತ, ಜಾರುತ್ತ, ಬೆಳಿಗ್ಗೆ ಹತ್ತಿ ಹೋಗಿದ್ದ ದಾರಿಯಲ್ಲೇ ಓಡಿ ಇಳಿದ. ಇಳಿದು ನೀರಿನ ಅಂಚಿಗೆ ಬಂದು ನಿಂತು, ದೋಣಿಯ ಕಡೆ ಅರಚಿದ.

"ಬ್ಯಾಡ, ಹೋಗು, ಹೋಗೋ" ಎಂದು ಹುಲಿಗೆಮ್ಮ ಎದ್ದು ನಿಂತು ಕೂಗಿದಳು. ಹೋಗು ಎಂದರೇನು ಎಂದು ಅವನಿಗೆ ಯಾರು ಕಲಿಸಿದ್ದರು? ಅವನಿಗೆ ಗೊತ್ತಿದ್ದದ್ದು ಆ ದನಿಯೊಂದೇ. ಆ ದನಿ ತನ್ನನ್ನು ಕರೆಯುತ್ತಿದೆ. ಅವನು ನೀರಿಗೆ ಹಾರಿದ.

"ತಿರುಗ್ಸಪ್ಪ, ತಿರುಗ್ಸು" ಎಂದು ಪಂಚಾಕ್ಷರಪ್ಪನವರು ಜಟ್ಟಪ್ಪನ ತೋಳು ಹಿಡಿದರು. ಜಟ್ಟಪ್ಪ ಆಗಲೇ ದೋಣಿ ತಿರುಗಿಸುತ್ತಿದ್ದ. ಹೋತ ಈಜುತ್ತಿತ್ತು. ಅಲೆ ಏರಿದಾಗ ತಲೆ, ಬಿಳಿ ಬೊಟ್ಟು ಕಂಡವು. ಇಳಿದಾಗ ಮರೆಯಾದವು. ಹುಲಿಗೆಮ್ಮ ಉಸಿರೆತ್ತಲಿಲ್ಲ. ಮಾತಾಡಿದರೆ ಅದೂ ಕರೆದಂತೆ, ಸುಮ್ಮನಿದ್ದರೆ ಅವನಿಗೆ ದಿಕ್ಕು ತಪ್ಪೀತು. ಯಾವುದು ಸರಿ ಎಂದು ತಿಳಿಯದೆ ಅವಳು ಬಾಯಿ ತೆರೆದು ಮುಚ್ಚಿದಳು. ಬಂಡೆಗೆ ಬಡಿದು ಮರಳುವ ಅಲೆಯೂ ಕಡಲಿನಿಂದ ಬರುವ ಅಲೆಯೂ ಸೇರುವ ಕಡೆ ಬಿಳಿ ಬೊಟ್ಟು ಇನ್ನೊಂದು ಸಲ ಕಂಡಿತು. ಆಮೇಲೆ ಕಾಣಲಿಲ್ಲ.

ಬೆಳಕು ಇರುವಷ್ಟು ಹೊತ್ತು ಜಟ್ಟಪ್ಪ ಅಲ್ಲೇ ಸುತ್ತು ಹಾಕಿದ. ಕೊನೆಗೆ ದಡದ ಕಡೆ ತಿರುಗಿಸಿದ. ಸರ್ವಮಂಗಳಮ್ಮ ಹುಲಿಗೆಮ್ಮನನ್ನು ತಬ್ಬಿಕೊಂಡು ಅತ್ತರು. ಹುಲಿಗೆಮ್ಮ ಅಳಲಿಲ್ಲ. ಕೈಗೆ ಸುತ್ತಿದ್ದ ಹಗ್ಗವನ್ನು ಬಿಚ್ಚುತ್ತ, ಮತ್ತೆ ಸುತ್ತುತ್ತ ಕೂತಿದ್ದಳು. ತೋಳ ತಿನ್ನಲಿಲ್ಲ, ಪೂಜಾರಿ ಕಡಿಯಲಿಲ್ಲ, ದೇವರೂ ಕೇಳಲಿಲ್ಲ. ತಾನೇ ಕರೆದು ಕೊಂದೆ. ಇದಕ್ಕಿಂತ ದೊಡ್ಡ ದುಃಖ ಮಗಳು ಸತ್ತ ದಿನವೂ ಅವಳಿಗೆ ಆಗಿರಲಿಲ್ಲ. ಅಂದಿನ ಸಾವು ಅವಳಿಂದ ಆದದ್ದಲ್ಲ.

ಮರಳಿ ಬರುವಾಗ ಹೊನ್ನಾಳಿ ದಾಟಿದ ಮೇಲೆ ಸರ್ವಮಂಗಳಮ್ಮ ಮೆಲ್ಲಗೆ ಕೇಳಿದರು. "ರೇವಣ್ಣಗೆ ಏನಂತ ಹೇಳ್ತೀಯೇ?"

"ಬಿಟ್ಟು ಬಂದೆ ಅಂತ."

"ಅಷ್ಟೇನಾ?"

"ಬಿಟ್ಟೇ ಬಂದ್ನಲ್ರಿ ಅಮ್ಮಾರೆ."

ಸರ್ವಮಂಗಳಮ್ಮ ಗಂಡನ ಕಡೆ ತಿರುಗಿ ನೋಡಿದರು. ಪಂಚಾಕ್ಷರಪ್ಪನವರಂಥ ಪಂಚಾಕ್ಷರಪ್ಪನವರೂ ಆ ಒಂದು ಮಾತನ್ನು ನುಂಗಿಕೊಂಡರು. ಕೊನೆಯತನಕ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಹೊಲದ ಅಂಚಿನಲ್ಲಿ ರೇವಣ್ಣ ಕಾದು ನಿಂತಿದ್ದ. "ಹೋದ್ನಾ? ತಿರುಗಿ ಗಿರುಗಿ ನೋಡಿದ್ನಾ?" ಎಂದು ಕೇಳಿದ.

"ಹೋದ. ನೋಡ್ಲಿಲ್ಲ."

"ಕಳ್ಳ ನನ್ಮಗ" ಎಂದು ರೇವಣ್ಣ ಕಣ್ಣು ಒರೆಸಿಕೊಂಡು ನಕ್ಕ. "ಹೊತ್ತಾತು ನೋಡು, ಮಂದೆ ಕೂಗು."

ಹುಲಿಗೆಮ್ಮ ಹೊಲದ ಬದುವಿನ ಮೇಲೆ ಹೋಗಿ ನಿಂತಳು. ಬಲಗೈ ಅರ್ಧದವರೆಗೆ ಎದ್ದು ಇಳಿಯಿತು. ಬದುವಿನ ಪಕ್ಕದಲ್ಲಿ ಬಿದ್ದಿದ್ದ ಸೀಮೆಎಣ್ಣೆ ಡಬ್ಬವನ್ನು ಎತ್ತಿಕೊಂಡು ಕೋಲಿನಿಂದ ಬಡಿದಳು. ಆಡುಗಳಿಗೆ ಅರ್ಥವಾಗಲಿಲ್ಲ. ಆ ಸಂಜೆ ಅವಳು ಒಂದೊಂದನ್ನೇ ಅಟ್ಟಿಸಿಕೊಂಡು ಬಂದಳು.

ಆಮೇಲೆ ವರ್ಷಗಳು ಕಳೆದವು. ಹನುಮಂತಪ್ಪ ಪೂಜಾರಿ, ಹರಕೆ ಸಂದಿತು ಎಂದು ಅಮ್ಮನ ಮುಂದೆ ಕರ್ಪೂರ ಹಚ್ಚಿದ. ರೇವಣ್ಣನಿಗೆ ಚುಕ್ಕನ ಕತೆ ಹೆಣ್ಣು ನೋಡಿದ ಕತೆಯಷ್ಟೇ ಪ್ರೀತಿಯದಾಯಿತು. ಈಗ ಚುಕ್ಕನಿಗೆ ಮೊಮ್ಮಕ್ಕಳಾಗಿರಬೇಕು, ನಡುಗಡ್ಡೆಯ ತುಂಬ ಹಣೆಯಲ್ಲಿ ಬೊಟ್ಟಿರುವ ಮರಿಗಳೇ ಇರಬೇಕು ಎಂದು ಕಂಡವರಿಗೆಲ್ಲ ಹೇಳುತ್ತಿದ್ದ. ಹಾಗೆ ಹೇಳುವಾಗ ಅವನಿಗೆ ಮಗಳೇ ಎಲ್ಲೋ ಸುಖವಾಗಿದ್ದಾಳೆ ಎನ್ನಿಸುತ್ತಿತ್ತೋ ಏನೋ, ಮುಖ ಅರಳುತ್ತಿತ್ತು. ಆ ಮುಖ ನೋಡಿಯೇ ಹುಲಿಗೆಮ್ಮ ನಿಜ ಹೇಳಲಿಲ್ಲ.

ಎಂಬತ್ತಾರರ ಒಂದು ಸಂಜೆ, ಹೋಟೆಲ್ ಮುಂದಿನ ಕಟ್ಟೆಯ ಮೇಲೆ ಜನ ಕೂತಿದ್ದರು. ಹುಲಿಗೆಮ್ಮ ಡಬ್ಬ ಹಿಡಿದು ಹೊಲದ ಕಡೆ ಹೊರಟಿದ್ದಳು. ಯಾರೋ ರೇವಣ್ಣನನ್ನು ಕೆಣಕಿದರು.

"ಅಲ್ಲ ರೇವಣ್ಣ, ಕೂಗಿಗೆ ಮೆಚ್ಚಿ ಮದುವೆ ಆದೆ ಅಂತೀಯ. ಈಗ ಅದೂ ಇಲ್ಲ. ಮೋಸ ಹೋದ್ಯಲ್ಲಪ್ಪ."

ರೇವಣ್ಣ ಚಹಾದ ಲೋಟ ಕೆಳಗಿಟ್ಟು, ಹೆಂಡತಿಗೆ ಕೇಳಿಸಲಿ ಎಂದೇ ದನಿ ಏರಿಸಿದ. "ಅದಕ್ಕೆ ಕಾರಣ ಐತೆ ಮಾರಾಯಾ. ಇವಳು ಕೂಗಿದ್ರೆ ಅಲ್ಲಿ ನಮ್ಮ ಚುಕ್ಕಗೆ ಕೇಳಿಸ್ತೈತೆ. ಕೇಳಿದ ಅಂದ್ರೆ ಸಮುದ್ರಕ್ಕೆ ಹಾರಿ ಈಜ್ಕೊಂಡು ಬಂದ್ಬಿಡ್ತಾನೆ. ಆ ಹೆದ್ರಿಕೆಗೆ ಪಾಪ, ಬಾಯಿ ಕಟ್ಕೊಂಡು ಕೂತಾಳೆ."

ಕಟ್ಟೆಯ ಮೇಲೆ ಎಲ್ಲರೂ ಗೊಳ್ಳೆಂದು ನಕ್ಕರು. ಬಾಗಿಲಲ್ಲಿ ನಿಂತಿದ್ದ ಸುಂಕಲಮ್ಮನೂ ನಕ್ಕಳು. ರೇವಣ್ಣ ಹೆಂಡತಿಯ ಕಡೆ ತಿರುಗಿ, "ಒಂದ್ಸಲ ಕೂಗೇ. ಸಮುದ್ರ ಎಲ್ಲಿ, ಬಿಳಿಚೋಡು ಎಲ್ಲಿ. ಅಷ್ಟು ದೂರ ಕೇಳ್ಸಲ್ಲ ಬಿಡು. ನಾನೂ ಕೇಳಿ ಬಾಳ ದಿನ ಆತು" ಎಂದ. ಕೊನೆಯ ಮಾತು ಹೇಳುವಾಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಹುಲಿಗೆಮ್ಮ ನಿಂತಳು. ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಡಬ್ಬವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹೊತ್ತಾಯಿತೆಂದು ಹೊಲದ ದಾರಿ ಹಿಡಿದಳು.